ಎಡಗಡೆ ಸ್ಟೇರಿಂಗು, ಬಲಗಡೆ ನಾನು

ನಮ್ಮ ಸೋದರಮಾವ ಜರ್ಮನ್ ಕಾರು ತಂದು ವಿಜಯನಗರದ ಮನೆಯ ಮುಂದೆ ನಿಲ್ಲಿಸಿದಾಗ ಬೀದಿಯವರು ಕೇಳಿದ ಮೊದಲ ಪ್ರಶ್ನೆ, 'ಸ್ಟೇರಿಂಗ್ ಯಾಕೆ ಆ ಕಡೆ ಐತೆ?' ಎರಡನೆಯದು, 'ಬಾಗಿಲು ಎರಡೇನಾ?' ಮೂರನೆಯದನ್ನು ನಮ್ಮ ತಾತ ಕೇಳಿದರು: 'ಇದ್ನ ವಾಪಸ್ ತಗತಾರಾ?'

ಎಂಬತ್ತರ ದಶಕದ ಮಾತು. ಆಗ ನಮ್ಮ ಕಡೆ ಕಾರು ಎಂದರೆ ಎರಡೇ ಜಾತಿ. ಒಂದು ದಪ್ಪಗಿನದು, ಇನ್ನೊಂದು ಸಣ್ಣಗಿನದು. ಇದು ಎರಡೂ ಅಲ್ಲ. ಕಿತ್ತಳೆ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಉದ್ದ ಮೂತಿ. ಯಾವುದೋ ಕಾರ್ಖಾನೆಯ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರ್ ತಂದಿದ್ದಂತೆ. ಅವನು ಊರಿಗೆ ಹೋದ, ಕಾರು ಇಲ್ಲೇ ಉಳಿಯಿತು. ಕೈಯಿಂದ ಕೈಗೆ ಬದಲಾಗಿ ಕೊನೆಗೆ ಚಂದ್ರಾ ಲೇಔಟಿನ ಒಂದು ಶೆಡ್ಡಿನಲ್ಲಿ ಸಿಮೆಂಟ್ ಚೀಲಗಳ ಪಕ್ಕ ನಿಂತಿತ್ತು. ನಡುವೆ ಯಾರೋ ಪುಣ್ಯಾತ್ಮ, ಇಂಜಿನ್ನಿಗೆ ಪೆಟ್ರೋಲು ಕುಡಿಸುವ ಒಂದೇ ಕಾರ್ಬುರೇಟರ್ ತೆಗೆಸಿ ಎರಡು ಹಾಕಿಸಿದ್ದ. ಹಾಗಾಗಿ ಓಡಿದಾಗ ಅದು ಓಡುವ ಪರಿಯೇ ಬೇರೆ. ಕುಡಿಯುವ ಪರಿಯೂ ಬೇರೆ.

ಮಾವ ಲೇತ್ ಕೆಲಸದವನು, ಮಾತು ಕಡಿಮೆ. ಮನೆಯವರು ಹೆಣ್ಣು ನೋಡಲು ಕರೆದರೆ ಗುಜರಿ ನೋಡಲು ಹೋಗುತ್ತಿದ್ದ. ನಾನು ಪಿಯುಸಿಯಲ್ಲಿ ಒಮ್ಮೆ ಫೇಲಾಗಿ, ಗಣೇಶನ ಪೆಂಡಾಲಿನಲ್ಲಿ ಮಿಮಿಕ್ರಿ ಮಾಡಿ ಪಾಸಾದವನು. ಕೊಳಾಯಿಯ ಸಾಲಿನ ಜಗಳ, ತಾತನ ಗೊರಕೆ, ಬಸ್ಸಿನ ಕಂಡಕ್ಟರು, ನಮ್ಮ ಲೆಕ್ಕದ ಮೇಷ್ಟ್ರು ಎಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಸ್ವಂತ ದನಿ ಯಾವುದೆಂದು ಅಮ್ಮನೇ ಮರೆತಿದ್ದಳು.

ಹೀಗೆ ಒಬ್ಬ ಮೂಗನಂತಹ ಮಾವನೂ ಒಬ್ಬ ಬಾಯಿಬಡುಕ ಅಳಿಯನೂ ಒಂದೇ ಕಾರಿನಲ್ಲಿ ಕೂರುವುದು ಅನಿವಾರ್ಯವಾಯಿತು. ಕಾರಣ ಸ್ಟೇರಿಂಗು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವವನಿಗೆ ಮುಂದೆ ಲಾರಿ ಬಂದರೆ ಲಾರಿಯ ಹಿಂಭಾಗ ಬಿಟ್ಟು ಪ್ರಪಂಚದಲ್ಲಿ ಬೇರೇನೂ ಕಾಣುವುದಿಲ್ಲ. ಬಲಗಡೆ ಕೂತವನು ಕತ್ತು ಹೊರಗೆ ಹಾಕಿ ಎದುರು ರಸ್ತೆ ಖಾಲಿ ಇದೆಯಾ ನೋಡಿ ಹೇಳಬೇಕು. ಆ ಕತ್ತು ನನ್ನದು. ಖಾಲಿ ಇದ್ದರೆ 'ಬಾ', ಇಲ್ಲದಿದ್ದರೆ 'ಬೇಡ'. ಎರಡೇ ಮಾತು ಎಂದು ಮಾವ ಒಪ್ಪಂದ ಮಾಡಿಕೊಂಡಿದ್ದ. ದಾರಿಯಲ್ಲಿ ಹೋಗುವವರಿಗೆ ಮಾತ್ರ ಬಲಗಡೆ ಕೂತ ನಾನೇ ಡ್ರೈವರು. ನಾನೂ ಸುಮ್ಮನಿರುತ್ತಿರಲಿಲ್ಲ. ಎರಡೂ ಕೈ ತಲೆಯ ಹಿಂದೆ ಕಟ್ಟಿ ಆಕಳಿಸುತ್ತಿದ್ದೆ. ಸೈಕಲ್ಲಿನವರು ಚರಂಡಿಯ ಕಡೆಗೆ ಸರಿದುಬಿಡುತ್ತಿದ್ದರು.

ಕಾರಿಗೊಂದು ಕಾಯಿಲೆ ಇತ್ತು. ತಣ್ಣಗಿದ್ದಾಗ ಹುಲಿ. ಬಿಸಿಲಲ್ಲಿ ಸ್ವಲ್ಪ ಓಡಿ ಬಿಸಿಯಾಯಿತೋ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಟ್ಯಾಂಕಿನಿಂದ ಪೆಟ್ರೋಲು ಎಳೆದುಕೊಡುವ ಪಂಪು ಇಂಜಿನ್ನಿನ ಪಕ್ಕದಲ್ಲೇ ಇದ್ದು, ಅದರ ಬಿಸಿಗೆ ಒಳಗಿನ ಪೆಟ್ರೋಲು ಹಬೆಯಾಗಿಬಿಡುತ್ತಿತ್ತು. ಹಬೆ ಕುಡಿದು ಯಾವ ಇಂಜಿನ್ ಓಡೀತು? ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಜ್ವರ ಬಂದ ಮಗುವಿನ ಪಕ್ಕ ಕೂತ ಹಾಗೆ ಕೂರಬೇಕು. ಜರ್ಮನಿಯಲ್ಲಿ ಈ ರೋಗ ಇರಲಿಕ್ಕಿಲ್ಲ. ಅಲ್ಲಿ ಮೈಸೂರು ರಸ್ತೆಯ ಬಿಸಿಲೂ ಇಲ್ಲ, ಎತ್ತಿನ ಗಾಡಿಯ ಹಿಂದೆ ತೆವಳುವ ಭಾಗ್ಯವೂ ಇಲ್ಲ.

ಒಂದು ದಿನ ತಾತನನ್ನು ಕೂರಿಸಿಕೊಂಡು ಹೊರಟೆವು. ಬಾಪೂಜಿ ನಗರದ ಹತ್ತಿರ, ಬಸ್ಸಿನ ಮೂತಿಗೆ ಸರಿಯಾಗಿ, ಕಾರು ನಿಂತಿತು. ತಾತ ಇಳಿದರು. ಬರೀ ಇಳಿಯಲಿಲ್ಲ, ಪಂಚೆ ಎತ್ತಿಕಟ್ಟಿ ತಳ್ಳಿದರು. ಬಸ್ಸಿನ ಕಿಟಕಿಯಿಂದ ಯಾರೋ, 'ತಾತೋ, ಹೊಸ ಗಾಡಿನಾ?' ಎಂದರು. ಒಂದು ಕಾಲದಲ್ಲಿ ಆ ಕಡೆಯ ಹೊಲಗಳಲ್ಲೆಲ್ಲ ಜನ ನಿಂತು ಕೈ ಮುಗಿಯುತ್ತಿದ್ದ ಮನುಷ್ಯ. ಮನೆಗೆ ಬಂದವರೇ ತಾತ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

'ಇದಕ್ಕೆ ಡೀಸಲ್ ಇಂಜಿನ್ ಹಾಕ್ಸು. ಇಲ್ಲಾಂದ್ರೆ ನಮ್ಮನೆ ಬಾಗ್ಲಲ್ಲಿ ನಿಲ್ಲುಸ್ಬ್ಯಾಡ.'

ಮಾವನ ಮುಖ ನೋಡಬೇಕಿತ್ತು. ಆಗಿನ ಪದ್ಧತಿಯೇ ಅದು. ವಿದೇಶಿ ಕಾರು ಕೆಟ್ಟರೆ ಬಿಡಿಭಾಗ ಸಿಗುತ್ತಿರಲಿಲ್ಲ. ಅದರ ಇಂಜಿನ್ ಕಿತ್ತು, ಯಾವುದಾದರೂ ವ್ಯಾನಿನ ಡೀಸೆಲ್ ಇಂಜಿನ್ ತುರುಕಿ ಓಡಿಸುವುದು. ಮೇಲೆ ಸೂಟು, ಒಳಗೆ ಪಟ್ಟಾಪಟ್ಟಿ ಚಡ್ಡಿ. ಕಾಮಾಕ್ಷಿಪಾಳ್ಯದ ಗ್ಯಾರೇಜಿನವನೊಬ್ಬ ಇದರಲ್ಲಿ ಎತ್ತಿದ ಕೈ. ಮಾವ ಒಲ್ಲದ ಮನಸ್ಸಿನಿಂದ ಅವನ ಹತ್ತಿರ ಹೋದಾಗ ಕಾರು ತಣ್ಣಗಿತ್ತು, ಹುಲಿಯಂತೆ ಗುರುಗುಟ್ಟುತ್ತಿತ್ತು.

'ಚೆನ್ನಾಗೇ ಐತಲ್ಲ ಗುರು. ಏನ್ ಪ್ರಾಬ್ಲಮ್ಮು?'

'ಬಿಸಿಯಾದ್ರೆ ನಿಲ್ಲತ್ತೆ' ಎಂದ ಮಾವ.

'ನಿಲ್ಲೋವಾಗ ಸೌಂಡ್ ಹೆಂಗೆ ಬತ್ತದೆ?'

ಮಾವ ನನ್ನತ್ತ ನೋಡಿದ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಗುರ್ ಎಂಬ ಓಟ, ನಡುವೆ ಒಂದು ಬಿಕ್ಕಳಿಕೆ, ಖೊಕ್ ಖೊಕ್ ಎಂಬ ಒಣಕೆಮ್ಮು, ಒಂದು ದೀರ್ಘ ನಿಟ್ಟುಸಿರು, ಮೌನ. ಗ್ಯಾರೇಜಿನಲ್ಲಿದ್ದವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಗ್ಯಾರೇಜಿನವನು ಬಾನೆಟ್ ಎತ್ತಲೂ ಇಲ್ಲ. ನನ್ನ ಬಾಯಿ ನೋಡಿಯೇ ಹೇಳಿಬಿಟ್ಟ:

'ಇಂಜಿನ್ ಮುಗೀತು. ನನ್ ಹತ್ರ ವ್ಯಾನಿಂದು ಡೀಸಲ್ ಇಂಜಿನ್ ರೆಡಿ ಐತೆ. ಸೋಮವಾರ ಬಿಡಿ, ಕೂರಿಸ್ಬಿಡ್ತೀನಿ.'

ಆ ವಾರವೆಲ್ಲ ಮಾವ ಸರಿಯಾಗಿ ಉಣ್ಣಲಿಲ್ಲ. ಶಿಫ್ಟು ಮುಗಿಸಿ ಬಂದವನು ಕಾರಿನ ಕೆಳಗೆ ಮಲಗುತ್ತಿದ್ದ. ಅಡುಗೆಮನೆಯಿಂದ ಕಡಲೆಕಾಯಿ ಎಣ್ಣೆಯ ಡಬ್ಬ ಕಾಣೆಯಾಯಿತು. ಅದರ ತಗಡು ಕತ್ತರಿಸಿ, ಬಗ್ಗಿಸಿ, ಪಂಪಿಗೂ ಹೊಗೆ ಹೋಗುವ ಬಿಸಿ ಪೈಪಿಗೂ ನಡುವೆ ಒಂದು ಗೋಡೆ ಕಟ್ಟಿದ. ಪೆಟ್ರೋಲಿನ ಪೈಪನ್ನು ಬಿಸಿಯಿಂದ ದೂರಕ್ಕೆ, ಸುತ್ತು ದಾರಿಯಲ್ಲಿ ಒಯ್ದ. ಅಜ್ಜಿ ಬಾನೆಟ್ಟಿನೊಳಗೆ ಇಣುಕಿ, 'ಅಯ್ಯೋ, ನಮ್ ಎಣ್ಣೆ ಡಬ್ಬ!' ಎಂದು ಕೂಗಿದಾಗ, ಮಾವ ಆ ವಾರದಲ್ಲಿ ಮೊದಲ ಸಲ ನಕ್ಕ.

ಭಾನುವಾರ ಬೆಳಿಗ್ಗೆ ತಾತನ ಮುಂದೆ ಹೋಗಿ ನಿಂತ. 'ಅಪ್ಪಾ, ಒಂದೇ ಒಂದ್ಸಲ ಬನ್ನಿ. ಕೆಂಗೇರಿ ಬೀಗರ ಮನೆಗೆ ಹೋಗ್ಬರೋಣ.'

ತಾತ ಎಲೆಅಡಿಕೆ ಅಗಿಯುತ್ತ ಕಾರನ್ನು ನೋಡಿದರು. 'ನಡುದಾರೀಲಿ ನನ್ನ ಇಳುಸ್ಬಾರ್ದು. ನನ್ ಕಾಲು ಬೀಗರ ಬಾಗ್ಲಲ್ಲೇ ನೆಲ ಮುಟ್ಬೇಕು. ಅದಕ್ಕೂ ಮುಂಚೆ ಮುಟ್ತೋ, ನಾಳೆ ಡೀಸಲ್ಲು. ಆಯ್ತಾ?'

'ಆಯ್ತು.'

ಎರಡು ಬಾಗಿಲಿನ ಕಾರು. ಮುಂದಿನ ಸೀಟು ಮಡಿಸಿ, ತಾತನನ್ನು ಬಗ್ಗಿಸಿ ಹಿಂದೆ ತಳ್ಳಿದೆವು. ಅವರ ಮಂಡಿ ಗದ್ದಕ್ಕೆ ಬಂತು. 'ತೊಟ್ಲಲ್ಲಿ ಕೂರಿಸ್ದಂಗೆ ಕೂರಿಸಿದ್ದೀರಲ್ಲೋ' ಎಂದರು.

ಬಾಪೂಜಿ ನಗರ ದಾಟುವಾಗ ಮೂವರೂ ಉಸಿರಾಡಲಿಲ್ಲ. ಕಾರು ಕೆಮ್ಮಲಿಲ್ಲ. ನಾಯಂಡಹಳ್ಳಿ ದಾಟಿತು, ಕೆಮ್ಮಲಿಲ್ಲ. ಮುಂದೆ ಇಟ್ಟಿಗೆ ಲಾರಿಯೊಂದು ನಮ್ಮ ಮುಖಕ್ಕೆ ಕೆಂಪು ಪುಡಿ ತೂರುತ್ತ ಹೋಗುತ್ತಿತ್ತು. ನಾನು ಕತ್ತು ಹೊರಗೆ ಹಾಕಿ ನೋಡಿದೆ. ಖಾಲಿ. 'ಬಾ!' ಮಾವ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದ. ಎರಡೂ ಕಾರ್ಬುರೇಟರು ಒಟ್ಟಿಗೆ ಬಾಯಿ ಬಿಟ್ಟವು. ಬೆನ್ನು ಸೀಟಿಗೆ ಅಂಟಿತು. ಲಾರಿ ನಿಂತೇ ಇದೆಯೇನೋ ಎಂಬಂತೆ ಹಿಂದಕ್ಕೆ ಸರಿದುಹೋಯಿತು. ಹಿಂದಿನಿಂದ ಒಂದು ಸದ್ದು ಬಂತು. ತಾತನಿಗೆ ಏನೋ ಆಯಿತು ಎಂದು ಗಾಬರಿಯಾಗಿ ತಿರುಗಿದೆ. ತಾತ ನಗುತ್ತಿದ್ದರು. ಅವರ ನಗು ನನ್ನ ಸಂಗ್ರಹದಲ್ಲಿ ಇರಲಿಲ್ಲ. ಅಲ್ಲಿಯವರೆಗೆ ನಾನು ಅದನ್ನು ಕೇಳಿಯೇ ಇರಲಿಲ್ಲ.

'ಇನ್ನೊಂದ್ ಹೊಡಿಲಾ' ಎಂದರು.

ಇನ್ನೊಂದು ಹೊಡೆದೆವು. ಮತ್ತೊಂದು. ನನಗೆ ಅಮಲೇರಿತು. 'ಬಾ', 'ಬೇಡ' ಎಂಬ ಎರಡೇ ಮಾತಿನ ಪಾತ್ರ ನನ್ನಂಥ ಕಲಾವಿದನಿಗೆ ಸಾಲುತ್ತದೆಯೇ? ಕೆಂಗೇರಿ ಹತ್ತಿರವಾಗುತ್ತಿತ್ತು. ಬೀಗರ ಮನೆಯ ತಿರುವು ಎಲ್ಲಿ ಎಂದು ಮಾವ ತಡಕಾಡುತ್ತಿದ್ದ. ಮುಂದೆ ಹುಲ್ಲಿನ ಲಾರಿ. ಎದುರು ರಸ್ತೆ ಖಾಲಿ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು, ಬಾಗಿಲನ್ನು ಎರಡು ಸಲ ಬಡಿದು, ಸಿಟಿ ಬಸ್ಸಿನ ಕಂಡಕ್ಟರ್ ದನಿಯಲ್ಲಿ ಕೂಗಿದೆ:

'ರೈಟ್! ರಾಯ್ಟ್!'

ನಮ್ಮ ಊರಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ಕಂಡಕ್ಟರು ರೈಟ್ ಎಂದರೆ ಹೊರಡು ಎಂದರ್ಥ. ಅದಕ್ಕೂ ಬಲಕ್ಕೂ ಸಂಬಂಧವಿಲ್ಲ. ಆದರೆ ತಿರುವು ಹುಡುಕುತ್ತಿದ್ದ ಮಾವನಿಗೆ ಆ ಕ್ಷಣದಲ್ಲಿ ಸಂಬಂಧ ಕಾಣಿಸಿತು. ಬಲಕ್ಕೆ ಒಂದು ಮಣ್ಣುದಾರಿಯೂ ಕಾಣಿಸಿತು. ತಿರುಗಿಸಿಯೇಬಿಟ್ಟ.

ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಅದೊಂದನ್ನು ನಾನು ಸರಿಯಾಗಿ ನೋಡಿದ್ದೆ. ಕಾರು ಮಣ್ಣುದಾರಿಯಲ್ಲಿ ಹಾರಿ, ಜಾರಿ, ಸೊಪ್ಪಿನ ತೋಟದ ನೀರುಕಾಲುವೆಗೆ ಎಡಗಡೆಯ ಮುಂದಿನ ಚಕ್ರ ಇಳಿಸಿ, ಧಡ್ ಎಂದು ನಿಂತಿತು. ಇಂಜಿನ್ ಆರಿತು.

'ರೈಟ್ ಅಂದ್ಯಲ್ಲೋ!' ಎಂದ ಮಾವ.

'ಹೋಗು ಅಂದೆ ಮಾವ, ರೈಟ್ ಅಂದ್ರೆ ಹೋಗು ಅಂತ!'

'ಬಾ ಅನ್ನೋಕೆ ಏನಾಗಿತ್ತೋ ನಿಂಗೆ ರೋಗ?'

ಇಬ್ಬರೂ ಇಳಿದೆವು. ತೋಟದಿಂದ ಕುಡುಗೋಲು ಹಿಡಿದ ಹೆಂಗಸೊಬ್ಬರು ಓಡಿಬಂದರು. 'ಕಣ್ಣಿಲ್ವೇನ್ರೋ? ನನ್ ದಂಟೆಲ್ಲ ಮಣ್ಣಾಯ್ತು! ಯಾವನವ್ನು ಓಡಿಸ್ತಿದ್ದವ್ನು?' ಬಲಗಡೆಯಿಂದ ಇಳಿದವನು ನಾನು. ಅವರು ಕುಡುಗೋಲು ತೋರಿಸಿದ್ದು ನನಗೇ. 'ನಾನಲ್ಲ ಅಕ್ಕ, ಸ್ಟೇರಿಂಗ್ ಆ ಕಡೆ ಇದೆ' ಎಂದೆ. 'ಸುಳ್ ಬೇರೆ ಹೇಳ್ತಿಯಾ!' ಎಂದರು.

ಮಾವ ಅದೇನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಾರು ಒಂದು ಮಗ್ಗುಲಿಗೆ ವಾಲಿತ್ತು. ಎತ್ತದೆ ಬೇರೆ ದಾರಿಯಿಲ್ಲ, ಒಳಗೆ ಜನ ಇದ್ದರೆ ಎತ್ತಲಾಗದು. ಕಾರಿನ ಸೂರಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಆ ಕೈ ನೋಡಿ ನಾನು ಮುಂದಿನ ಸೀಟು ಮಡಿಸಿದೆ.

'ಸೀಟ್ ಯಾಕ್ಲಾ ಮಡಿಸ್ತಿದ್ದೀಯಾ?' ಒಳಗಿನಿಂದ ತಾತ.

'ನೀವ್ ಇಳಿಯೋಕೆ ತಾತ.'

'ಯಾರ್ ಇಳೀತಾರೆ? ಬೀಗರ ಮನೆ ಬಂತಾ?'

'ಇಲ್ಲ...'

'ಮತ್ತೆ? ಸೀಟ್ ಎತ್ತು. ಗಾಳಿ ಬರ್ಲಿ.'

ಸೊಪ್ಪಿನ ಹೆಂಗಸು ಬಗ್ಗಿ ನೋಡಿದರು. 'ಯಜಮಾನ್ರೇ, ಇಳೀರಿ, ಗಾಡಿ ಎತ್ಬೇಕಲ್ಲ.'

'ಎತ್ತಿ. ನಾನೇನ್ ಬ್ಯಾಡ ಅಂದ್ನಾ? ನಾನು ಮಾತ್ರ ಇಳಿಯಾಕಿಲ್ಲ ಕಣವ್ವ. ಇಳುದ್ರೆ ಇವ್ನ ಇಂಜಿನ್ ಹೋಯ್ತದೆ.'

ಆಕೆಗೆ ಏನೂ ಅರ್ಥವಾಗಲಿಲ್ಲ. ಮಾವನಿಗೆ ಅರ್ಥವಾಯಿತು. ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ಆಮೇಲೆ ಆ ಮೂಗ ಮಾವ ನಾನು ಎಂದೂ ಕೇಳದ ದೊಡ್ಡ ದನಿಯಲ್ಲಿ ತೋಟದವರನ್ನೆಲ್ಲ ಕರೆದ. ಬೈದ ಹೆಂಗಸೇ ಸೆರಗು ಸಿಕ್ಕಿಸಿ ಮೊದಲು ಬಂಪರಿಗೆ ಕೈ ಹಾಕಿದರು. ಅವರ ಗಂಡ, ಇಬ್ಬರು ಮೈದುನರು, ನಾವಿಬ್ಬರು. ತಾತ ಒಳಗಿನಿಂದ, 'ಎಡಕ್ಕೆ ಎತ್ರಲಾ! ಉಣ್ಣಾಕಿಲ್ವಾ ನೀವು?' ಎಂದು ಹುರಿದುಂಬಿಸುತ್ತಿದ್ದರು. ಜರ್ಮನ್ ತೂಕಕ್ಕೆ ತಾತನ ರಾಗಿಮುದ್ದೆಯ ತೂಕವೂ ಸೇರಿತ್ತು. ನನ್ನ ಸೊಂಟ ಆವತ್ತು ಹೊರಡಿಸಿದ ಸದ್ದನ್ನು ನಾನು ಮಿಮಿಕ್ರಿ ಮಾಡಲಾರೆ. ಚಕ್ರ ಮೇಲೆ ಬಂತು.

ಇನ್ನು ಉಳಿದದ್ದು ಕಾಯಿಲೆಯ ಪರೀಕ್ಷೆ. ಬಿಸಿಲು ನೆತ್ತಿಗೆ ಬಂದಿತ್ತು, ಇಂಜಿನ್ ಕಾದಿತ್ತು, ಸದ್ದಡಗಿ ನಿಂತಿತ್ತು. ಸಾಯಲು ಅದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ನಾನು ಕಾಲುವೆಯಲ್ಲಿ ಟವೆಲ್ ಅದ್ದಿ ತಂದೆ.

'ಬಟ್ಟೆ ಬೇಡ' ಎಂದ ಮಾವ. 'ಬಟ್ಟೆ ಹಾಕಿ ಎಬ್ಬಿಸಿದ್ರೆ ನಾನ್ ಮಾಡಿದ್ದು ರಿಪೇರಿ ಅಲ್ಲ, ಬಾಣಂತನ.'

ಕೂತು ಕೀ ತಿರುಗಿಸಿದ. ಕಿರ್ ಕಿರ್ ಎಂದಿತು. ಇಲ್ಲ. ಮಾವ ಕಣ್ಣು ಮುಚ್ಚಿದ. ಮತ್ತೆ ತಿರುಗಿಸಿದ. ಒಂದು ಖೊಕ್. ನನಗೆ ಮುಂದಿನ ಸಾಲು ಬಾಯಿಪಾಠವಾಗಿತ್ತು, ಇನ್ನು ನಿಟ್ಟುಸಿರು ಬರಬೇಕು. ಬರಲಿಲ್ಲ. ಬಂದದ್ದು ಗುರ್ ಎಂಬ ತುಂಬು ದನಿ. ಎಣ್ಣೆ ಡಬ್ಬದ ತಗಡು ಅದರೊಳಗೆ ಸಣ್ಣಗೆ ತಾಳ ಹಾಕುತ್ತಿತ್ತು. ನಿಟ್ಟುಸಿರು ಬಿಟ್ಟವರು ನಾವು. ಸೊಪ್ಪಿನವರೂ ಬಿಟ್ಟರು, ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಬೀಗರ ಬಾಗಿಲಲ್ಲಿ ತಾತ ಇಳಿದರು. ಒಂದೊಂದೇ ಕಾಲನ್ನು, ಎಲ್ಲರೂ ನೋಡಲಿ ಎಂಬಂತೆ, ನೆಲಕ್ಕೆ ಇಟ್ಟರು. ಬಂಪರಿನಲ್ಲಿ ಬೇರುಸಮೇತ ದಂಟಿನ ಗಿಡ ನೇತಾಡುತ್ತಿತ್ತು.

'ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಾ?' ಎಂದು ಬೀಗರು ಕೇಳಿದರು.

'ಎಲ್ಲೂ ಕಾಲು ಕೆಳಗಿಡ್ನಿಲ್ಲ' ಎಂದರು ತಾತ.

ಊಟವಾದ ಮೇಲೆ ಹೊರಡುವಾಗ ನಾನು ಬಲಗಡೆಯ ಬಾಗಿಲು ತೆಗೆದೆ. ತಾತ ನನ್ನ ರಟ್ಟೆ ಹಿಡಿದು ಆಚೆ ಎಳೆದರು. 'ನೀನ್ ಹಿಂದೆ ಹೋಗು. ದಾರಿ ನಾನ್ ನೋಡ್ತೀನಿ.' ನಾನು ಮಡಚಿಕೊಂಡು ತೊಟ್ಟಿಲಿಗೆ ಬಿದ್ದೆ. ಮುಂದೆ ಮೊದಲ ಲಾರಿ ಸಿಕ್ಕಾಗ ತಾತ ಕಣ್ಣು ಕಿರಿದು ಮಾಡಿ ನೋಡಿ, ನೊಗದ ಎತ್ತಿಗೆ ಹೇಳುವಷ್ಟೇ ಮೆಲ್ಲಗೆ, 'ಹೂಂ, ನಡೀ' ಎಂದರು. ಮಾವ ಒತ್ತಿದ. ಹಿಂದಿನ ಸೀಟಿನಲ್ಲಿದ್ದ ನನಗೆ ಹೊಟ್ಟೆ ತುಂಬಿತ್ತು, ಕಿಟಕಿಯಿಂದ ಗಾಳಿ ಬರುತ್ತಿತ್ತು, ಯಾರೂ ನನ್ನನ್ನು ಮಾತಾಡು ಎನ್ನಲಿಲ್ಲ. ಮೈಸೂರು ರಸ್ತೆಯಲ್ಲಿ ಆ ಕಾರಿನೊಳಗೆ ನಾನು ನಿದ್ದೆ ಮಾಡಿದ್ದು ಆವತ್ತೇ ಮೊದಲು.