ಬಂಗಾರಮ್ಮನ ಕಾರ್ಡು, ಸೋಮಶೇಖರನ ಸೆಲ್ಲು

ತಿಗನಾರೆಯ ರುದ್ರಸ್ವಾಮಿಯ ಮನೆಯಲ್ಲಿ ಬೆಳಗಾಗೆದ್ದು ಇಸ್ಪೀಟು ಹಂಚುತ್ತಾರೆ ಎಂಬ ಸುದ್ದಿ ಒಂದು ಕಾಲಕ್ಕೆ ಊರೆಲ್ಲ ಹರಡಿತ್ತು. ಹರಡಿದವರು ಹೊರಗಿನವರಲ್ಲ, ರುದ್ರಸ್ವಾಮಿಯ ತಾಯಿ ಪುಟ್ಟಮಲ್ಲಮ್ಮನೇ. "ನಮ್ ಸೊಸೆ ಜಗ್ಲೀನ ಕಿಲಬ್ಬು ಮಾಡ್ಬುಟ್ಟವ್ಳ ಕಣವ್ವ" ಎಂದು ಆಕೆ ನೀರಿನ ತೊಟ್ಟಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ದೂರಿನಂತೆ ಶುರುವಾದ ಮಾತು ಮುಗಿಯುವಷ್ಟರಲ್ಲಿ ಹೆಚ್ಚುಗಾರಿಕೆಯಾಗಿರುತ್ತಿತ್ತು.

ಹಂಚುತ್ತಿದ್ದವಳು ಹಿರಿಸೊಸೆ ಬಂಗಾರಮ್ಮ. ಹಂಚುತ್ತಿದ್ದದ್ದು ಇಸ್ಪೀಟಲ್ಲ, ಅವತ್ತಿನ ಕೆಲಸ.

ಅದು ಶುರುವಾದದ್ದು ಒಂದು ಹಸುವಿನ ದೆಸೆಯಿಂದ. ಬೇಸಿಗೆಯ ಒಂದು ಮಧ್ಯಾಹ್ನ ಕೊಟ್ಟಿಗೆಯ ಹಸು ಬಿಡದೆ ಅರಚುತ್ತಿತ್ತು. ಹೊಲದಿಂದ ಬಂದ ಬಂಗಾರಮ್ಮ ನೋಡಿದರೆ ನೀರಿನ ಬಾನಿ ಒಣಗಿದೆ. "ಅಸೀಗೆ ಯಾರೂ ನೀರ್ ಕುಡ್ಸಿಲ್ವಾ?" ಎಂದಳು. ಗಂಡ ರುದ್ರಸ್ವಾಮಿ, ತಮ್ಮ ಕುಡಿಸಿದ್ದಾನೆ ಅಂದುಕೊಂಡಿದ್ದ. ಅವನ ತಮ್ಮ ಸೋಮಶೇಖರ, ತನ್ನ ಹೆಂಡತಿ ಮಂಗಳಗೌರಿ ಕುಡಿಸಿದ್ದಾಳೆ ಅಂದುಕೊಂಡಿದ್ದ. ಮಂಗಳಗೌರಿ, ಅತ್ತೆ ಕುಡಿಸಿದ್ದಾರೆ ಅಂದುಕೊಂಡಿದ್ದಳು. ಅತ್ತೆಗೆ ಹಾಗೆ ಅಂದುಕೊಳ್ಳಲು ಯಾರೂ ಉಳಿದಿರಲಿಲ್ಲವಾದ್ದರಿಂದ, "ನಾನು ನಿದ್ದ ಮಾಡ್ತಿದ್ದಿ" ಎಂದುಬಿಟ್ಟಳು.

ಬಂಗಾರಮ್ಮ ಯಾರನ್ನೂ ಬೈಯಲಿಲ್ಲ. ಹಸುವಿಗೆ ನೀರಿಟ್ಟು ಒಳಗೆ ಬಂದವಳೇ ಗೋಡೆಯ ತಂತಿಗೆ ಚುಚ್ಚಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಇಳಿಸಿ, ಕತ್ತರಿ ಹಿಡಿದು ಕೂತಳು. ಅಂಗೈಯಗಲದ ಕಾರ್ಡುಗಳಾದವು. ಒಂದೊಂದರ ಹಿಂದೆ ಒಂದೊಂದು ಕೆಲಸ ಬರೆದಳು. ಓದು ಬಾರದ ಅತ್ತೆಗೆಂದು ಪಕ್ಕದಲ್ಲಿ ಚಿತ್ರವನ್ನೂ ಬರೆದಳು. ಅಂದಿನಿಂದ ಬೆಳಗಿನ ಕಾಫಿಯಾದ ಮೇಲೆ ಐದೂ ಜನ ಜಗಲಿಗೆ ಬರಬೇಕು, ಕಾರ್ಡು ತೆಗೆದುಕೊಳ್ಳಬೇಕು, ಮುಗಿದ ಕೆಲಸದ ಕಾರ್ಡನ್ನು ಗೂಡಿನಲ್ಲಿ ಮಗುಚಿ ಇಡಬೇಕು. ಮಗುಚಿದರೆ ಮದುವೆಯ ಕರೆ ಕಾಣುತ್ತಿತ್ತು. ಸಗಣಿ ಬಾಚುವ ಕಾರ್ಡಿನ ಹಿಂದೆ 'ಸಕುಟುಂಬ ಸಪರಿವಾರ ಸಮೇತರಾಗಿ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಆ ಕಾರ್ಡು ಬಂದವರನ್ನು ಉಳಿದವರು ಕೈಮುಗಿದು ಕೊಟ್ಟಿಗೆಗೆ ಕಳಿಸುತ್ತಿದ್ದರು.

ಬಂಗಾರಮ್ಮ ಓದಿದ್ದು ಹಾಸನೂರಿನ ತವರಲ್ಲಿದ್ದಾಗ, ಐದನೇ ಕ್ಲಾಸಿನವರೆಗೆ. ಬಾಯಲ್ಲಿ ಬಂದ ಹಾಗೇ ಕೈಯಲ್ಲಿ ಬರೆಯುತ್ತಿದ್ದಳು.

"ಅತ್ಗೆ, 'ಅಸ' ಅಂತ ಬರ್ದಿದ್ದೀರಲ್ಲ, ಅದ್ಕ 'ಹ' ಆಕ್ಬೇಕು" ಎಂದು ಸೋಮಶೇಖರ ಒಮ್ಮೆ ತಿದ್ದಿದ.

"ನೀರ್ ಕೊಟ್ರ ಕುಡೀತದ ಕಣಪ್ಪ. 'ಹ' ಕೊಟ್ರ ಏನ್ ಮಾಡ್ಕಂಡದು ಅದು?" ಎಂದಳು ಅತ್ತಿಗೆ.

ಕಾರ್ಡಿನ ವ್ಯವಹಾರದಲ್ಲಿ ಅದಲುಬದಲೂ ನಡೆಯುತ್ತಿತ್ತು. ಮಂಗಳಗೌರಿ ಸೌದೆಯ ಕಾರ್ಡನ್ನು ಗಂಡನಿಗೆ ದಾಟಿಸಿ ಅವನ ಹಾಲಿನ ಕಾರ್ಡನ್ನು ಎಳೆದುಕೊಳ್ಳುವಳು. ಪುಟ್ಟಮಲ್ಲಮ್ಮ ತನಗೆ ಬಂದ ಅವರೆ ಬಿಡಿಸುವ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಂಗ ಬಂದೇ ಇಲ್ವಲ್ಲ" ಎನ್ನುವಳು. ರುದ್ರಸ್ವಾಮಿ ಒಬ್ಬನೇ ಬದಲಾಯಿಸುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ. ಕೈಗೆ ಏನು ಬಂತೋ ಅದನ್ನು ಮಾಡಿ ಮುಗಿಸುವುದು ಅವನ ಗುಣ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಸೋಮಶೇಖರ ಸತ್ಯಮಂಗಲಕ್ಕೆ ಹೋಗಿ ಒಂದು ಸೆಲ್ಲು ಫೋನು ಕೊಂಡು ತಂದ. ಅವನು ತಾಳವಾಡಿಯ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ. ಹೇಳಿದ ಹೊತ್ತಿಗೆ ಕೂಗಿ ಕೆಲಸ ನೆನಪಿಸುವ ಉಪಾಯ ಅದರಲ್ಲಿದೆ ಎಂದು ಸೆಲ್ಲು ಮಾರಿದವರು ತೋರಿಸಿಕೊಟ್ಟಿದ್ದರು. ಮನೆಗೆ ಬಂದವನೇ ಜಗಲಿಯ ಮಧ್ಯೆ ಅದನ್ನಿಟ್ಟ.

"ಅತ್ಗೆ, ಇನ್ಮೇಲ ನೀವು ಬರಿಯದೂ ಬ್ಯಾಡ, ಅಂಚದೂ ಬ್ಯಾಡ. ಇದೇ ಒತ್ತೊತ್ಗೆ ಕೂಗಿ ಏಳ್ತದ."

"ಕೂಗ್ಲಿ ಬುಡು" ಎಂದಳು ಬಂಗಾರಮ್ಮ. ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಮನಸ್ಸಿಗೆ ಚೂರು ಪಿಚ್ಚೆನಿಸಿತು.

ಸೆಲ್ಲು ಚೆನ್ನಾಗಿಯೇ ಕೂಗಿತು. ಕರುವಿಗೆ ಸೂಜಿ ಹಾಕಿಸುವ ದಿನವನ್ನು ಅದು ಮರೆಯಲಿಲ್ಲ. ಪುಟ್ಟಮಲ್ಲಮ್ಮನ ಬೀಪಿ ಮಾತ್ರೆಗೆ ಯಾವ ಕಾರ್ಡೂ ಇರಲಿಲ್ಲ, ಸೆಲ್ಲಿನಲ್ಲಿ ಅದೂ ಸೇರಿತು. ಗಂಟೆ ಬಾರಿಸಿದಂಥ ಅದರ ಸದ್ದಿಗೆ ಮುದುಕಿ ಮೊದಮೊದಲು ಕೈಮುಗಿದೇ ಮಾತ್ರೆ ನುಂಗುತ್ತಿದ್ದಳು. ಇನ್ನು ಬಂಗಾರಮ್ಮನಿಗೆ ಬೆಳಿಗ್ಗೆ ಯೋಚಿಸುವುದಕ್ಕೆ ಏನೂ ಇಲ್ಲದಂತಾಯಿತು. ಒಂದಿನ ಎರಡನೇ ಲೋಟ ಕಾಫಿ ಹಿಡಿದು ಜಗಲಿಯಲ್ಲಿ ಕೂತಳು. ಎದುರಿನ ಬೆಟ್ಟದ ನೆತ್ತಿ ಎರಡು ಸೀಳಾಗಿದೆ ಎಂಬುದು ಮದುವೆಯಾಗಿ ಬಂದು ಇಷ್ಟು ಕಾಲವಾದ ಮೇಲೆ ಅವಳಿಗೆ ಅವತ್ತು ಕಂಡಿತು. ಮಾರನೇ ದಿನವೂ ಕೂತು ನೋಡಿದಳು. ಪಿಚ್ಚೆನಿಸುವುದು ಕಡಿಮೆಯಾಯಿತು.

ಒಂದೇ ತೊಡಕೆಂದರೆ ಆ ಸೆಲ್ಲಿಗೆ ಕನ್ನಡ ಬರುತ್ತಿರಲಿಲ್ಲ. ಊರು ತಮಿಳುನಾಡಿಗೆ ಸೇರಿದ್ದರಿಂದ ತಮಿಳು ಇತ್ತು, ಇಂಗ್ಲಿಷ್ ಇತ್ತು. ಸೋಮಶೇಖರನಿಗೆ ತಮಿಳು ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಹಾಗಾಗಿ ಅವನು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಿದ್ದ. ಅವಸರದಲ್ಲಿ ಒತ್ತುವಾಗ ಅತ್ತಿಗೆಗೆ ಹೇಳಿದ್ದ 'ಹ'ದ ಪಾಠ ಅವನಿಗೇ ನೆನಪಿರುತ್ತಿರಲಿಲ್ಲ.

ಜೋಳ ಹಾಲುಗಟ್ಟುವ ಕಾಲ ಬಂತು. ಗಿಳಿಗಳ ಹಿಂಡು ಕಾಡಿನಿಂದ ನೇರವಾಗಿ ಹೊಲಕ್ಕೇ ಇಳಿಯುತ್ತಿತ್ತು. ಅವತ್ತು ಸೋಮಶೇಖರ ಅಂಗಡಿಗೆ ಹೊರಡುವಾಗ ಸೆಲ್ಲನ್ನು ಅಣ್ಣನ ಕೈಗೆ ಕೊಟ್ಟ. "ಕೆಲ್ಸ ಇರೋ ಕಡ ಇದೂ ಇರ್ಲಿ ಅಣ್ಣ. ಕೂಗ್ದಾಗ ಏನ್ ಬಂದದ ಅಂತ ಓದ್ಕಂಡು ಅಂಗೇ ಮಾಡು." ಸೊಸೆಯರಿಬ್ಬರೂ ಮೇಲಿನ ಹೊಲಕ್ಕೆ ಹುರುಳಿ ಕೀಳಲು ಹೋದರು.

ಸೆಲ್ಲು ಕೂಗಿತು. ರುದ್ರಸ್ವಾಮಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ತಮ್ಮ ಒತ್ತಿದ್ದು 'ಹಕ್ಕಿ ಓಡಿಸು' ಎಂದು. ಆದರೆ 'ಹ' ಮೊದಲೇ ಬಿದ್ದುಹೋಗಿತ್ತು. ಇನ್ನು ಇಂಗ್ಲಿಷ್ ಅಕ್ಷರಕ್ಕೆ 'ಒ' ಯಾವುದು, 'ಓ' ಯಾವುದು ಎಂಬ ಭೇದವಿಲ್ಲ. ರುದ್ರಸ್ವಾಮಿ ಓದಿಕೊಂಡದ್ದು 'ಅಕ್ಕಿ ಒಡಿಸು'.

"ಅಕ್ಕಿ ಒಡಿಸ್ಬೇಕಂತಲ್ಲವ್ವ" ಎಂದ ತಾಯಿಗೆ.

"ನುಚ್ಗ ಇರ್ಬೇಕು ಕಣ್ಲಾ" ಎಂದಳು ಪುಟ್ಟಮಲ್ಲಮ್ಮ.

ಮನೆಯಲ್ಲಿ ಅರ್ಧ ಮೂಟೆ ಸಣ್ಣಕ್ಕಿ ಇತ್ತು. ಮಂಗಳಗೌರಿಯ ಅಪ್ಪ ಅಮ್ಮ ಬರುತ್ತಾರೆಂದು ಚಾಮರಾಜನಗರದಿಂದ ತರಿಸಿದ್ದು. ಎಷ್ಟು ಒಡಿಸಬೇಕು ಎಂದು ಸೆಲ್ಲು ಹೇಳಿರಲಿಲ್ಲ, ರುದ್ರಸ್ವಾಮಿ ಅಷ್ಟನ್ನೂ ಹೆಗಲಿಗೇರಿಸಿ ತಾಳವಾಡಿಯ ಬಸ್ಸು ಹತ್ತಿದ. ಮಿಲ್ಲಿನ ಚನ್ನಯ್ಯ ಮೂಟೆಯ ಬಾಯಿ ಬಿಚ್ಚಿ ಬೆರಗಾದ.

"ಇಂಥ ಅಕ್ಕೀನ ಯಾರಾರ ಒಡಿಸ್ತಾರಾ ಸ್ವಾಮ್ಯಾರೆ?"

"ಸೆಲ್ಲಲ್ಲೇ ಬಂದದ ಕಣಪ್ಪ" ಎಂದ ರುದ್ರಸ್ವಾಮಿ. ಅದಕ್ಕಿಂತ ಮೇಲಿನ ಅಪ್ಪಣೆ ಇಲ್ಲ ಎಂಬಂತೆ ಚನ್ನಯ್ಯ ಮಿಷನ್ನಿನ ಸ್ವಿಚ್ಚು ಒತ್ತಿದ.

ಹುರುಳಿ ಹೊರೆ ಹೊತ್ತು ಇಳಿದು ಬರುತ್ತಿದ್ದ ಬಂಗಾರಮ್ಮನಿಗೆ ದೂರದಿಂದ ಜೋಳದ ಹೊಲ ಎಂದಿಗಿಂತ ಹಸಿರಾಗಿ ಕಂಡಿತು. ಹತ್ತಿರ ಬಂದಾಗ ಆ ಹಸಿರು ರೆಕ್ಕೆ ಬಡಿದು ಮೇಲೆದ್ದು ಮತ್ತೆ ತೆನೆಯ ಮೇಲೇ ಕೂತಿತು. ಹೊರೆ ಬಿಸಾಡಿ, ತಗಡು ಬಡಿದು, ಗಂಟಲು ಹರಿಯುವಂತೆ ಕೂಗಿ ಗಿಳಿಗಳನ್ನು ಎಬ್ಬಿಸುವಷ್ಟರಲ್ಲಿ ಒಂದು ಮಗ್ಗುಲಿನ ತೆನೆಗಳೆಲ್ಲ ಬೋಳಾಗಿದ್ದವು. ಸಿಟ್ಟಿನಿಂದ ಮನೆಗೆ ಬಂದರೆ ಗಂಡ ನುಚ್ಚಿನ ಮೂಟೆಯ ಪಕ್ಕ ಬೆವರೊರೆಸಿಕೊಳ್ಳುತ್ತ ನಿಂತಿದ್ದ.

"ಎಲ್ಲಾನೂ ಒಡಿಸ್ಕ ಬಂದಿ" ಎಂದ, ಕೆಲಸ ಮುಗಿದ ಸಮಾಧಾನದಲ್ಲಿ.

ಸಂಜೆ ಸೋಮಶೇಖರ ಬಂದ. ಸೆಲ್ಲನ್ನು ಒತ್ತಿ ನೋಡಿದ. ಮೂಟೆ ನೋಡಿದ. ಮುಖ ಕೆಂಪಾಯಿತು. "ನಾನು ಅಕ್ಕಿ ಅಂದದ್ದು ಅಕ್ಕಿ ಅಲ್ಲ ಅಣ್ಣ, ಅಕ್ಕಿ!" ಎಂದ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಮೊದಲು ನಕ್ಕವಳು ಮಂಗಳಗೌರಿ. ಆಮೇಲೆ ಬಂಗಾರಮ್ಮನಿಗೂ ತಡೆಯಲಾಗಲಿಲ್ಲ. ಸಿಟ್ಟು ಎಲ್ಲಿಗೆ ಹೋಯಿತೋ, ಮೂಟೆಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಬೀಗರು ಬಂದಾಗ ನುಚ್ಚಿನ ಉಪ್ಪಿಟ್ಟು, ನುಚ್ಚಿನ ಕಡುಬು, ನುಚ್ಚಿನ ಪಾಯಸ. ಮಂಗಳಗೌರಿಯ ಅಪ್ಪನಿಗೆ ಹಲ್ಲುಗಳು ಹೋಗಿದ್ದವು. ಅವರು ಎಲೆ ಬಳಿದು ಉಂಡು, "ಮಗಳ ಮನೇಲಿ ನನ್ನ ಬಾಯ್ ನೋಡಿ ಅಡ್ಗ ಮಾಡವ್ರ" ಎಂದು ಹೊಗಳಿದರು. ಯಾರೂ ಅವರನ್ನು ತಿದ್ದಲಿಲ್ಲ.

ಬೀಗರು ಹೋದ ಮಾರನೇ ಬೆಳಿಗ್ಗೆ ಸೋಮಶೇಖರನೇ ಬಿಸ್ಕತ್ತಿನ ಡಬ್ಬಿ ತಂದು ಅತ್ತಿಗೆಯ ಮುಂದಿಟ್ಟ. "ನೀವೇ ಅಂಚ್ಬುಡಿ ಅತ್ಗೆ."

"ಅಂಚ್ತೀನಿ. ಆದ್ರ ಅವ್ವನ ಬೀಪಿ ಮಾತ್ರೇನ ಆ ಸೆಲ್ಲೇ ನೋಡ್ಕಳ್ಲಿ. ಅದ್ನ ಗ್ಯಾಪ್ನ ಇಟ್ಕಳದು ನನ್ ಕೈಲಾಗದಿಲ್ಲ" ಎಂದಳು ಬಂಗಾರಮ್ಮ. ಆಮೇಲೆ ಎರಡು ಹೊಸ ಕಾರ್ಡು ಕತ್ತರಿಸಿದಳು. ಒಂದರಲ್ಲಿ 'ಸೆಲ್ಲಿಗೆ ಕರೆಂಟು ಆಕದು' ಎಂದು ಬರೆದಳು. ಇನ್ನೊಂದರ ಮೇಲೆ ಪೆನ್ನು ಊರಿ ಸ್ವಲ್ಪ ಹೊತ್ತು ಎದುರಿನ ಬೆಟ್ಟ ನೋಡಿದಳು. ಅದರಲ್ಲಿ ಬರೆದದ್ದು 'ಸುಮ್ನ ಕೂರದು'.

ತನಗೇ ಬರಲಿ ಎಂಬ ಆಸೆ ಅವಳಿಗೆ ಇದ್ದೇ ಇತ್ತು. ಆದರೆ ಕಲೆಸಿ ಹಂಚಿದಾಗ ಅದು ಬಿದ್ದದ್ದು ರುದ್ರಸ್ವಾಮಿಯ ಕೈಗೆ.

ಅವನು ಎರಡು ಸಲ ಓದಿದ. "ಇದ ಎಲ್ಲಿ ಮಾಡದಮ್ಮಿ?"

"ಎಲ್ಲಾರ ಕೂತ್ಕಳಿ."

"ಎಷ್ಟೊತ್ಗಂಟ?"

"ನಿಮ್ಗ ಸಾಕು ಅನ್ಸಗಂಟ."

ರುದ್ರಸ್ವಾಮಿ ಪಂಚೆ ಸರಿಮಾಡಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ಫೋಟೋ ತೆಗೆಸಿಕೊಳ್ಳುವವನಂತೆ ಜಗಲಿಯಲ್ಲಿ ಕೂತ. ಬಿಸಿಲು ಕಾಲ ಬಳಿಗೆ ಬಂತು, ಅವನು ಕದಲಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ನಂಜಯ್ಯ ನಿಂತು ಕರೆದ.

"ರುದ್ರಸ್ವಾಮಿ, ಸುಮ್ನ ಕೂತಿದ್ದಯಲ್ಲ, ಬಾರಪ್ಪ, ಗಾಡಿ ಗುಂಡೀಲಿ ಸಿಕ್ಕಂಡದ, ಒಂಚೂರು ತಳ್ಳು."

"ಆಗದಿಲ್ಲ ಕಣ ನಂಜಯ್ಯ, ಕೆಲ್ಸದಲ್ಲಿವ್ನಿ" ಎಂದು ರುದ್ರಸ್ವಾಮಿ ಕಾರ್ಡು ಎತ್ತಿ ತೋರಿಸಿದ.

ನಂಜಯ್ಯ ಹತ್ತಿರ ಬಂದು ಕಾರ್ಡು ಓದಿದ. ಮಗುಚಿ ನೋಡಿದ. ಬೀದಿಯ ಕಡೆಗೊಮ್ಮೆ, ಗಾಡಿಯಿದ್ದ ದಿಕ್ಕಿಗೊಮ್ಮೆ ತಿರುಗಿದ. ಆಮೇಲೆ ಟವೆಲಿನಿಂದ ಜಗಲಿಯ ಧೂಳು ಹೊಡೆದು, "ಕೊಂಚ ಅತ್ಲಾಗ್ ಸರ್ಕಳಪ್ಪ" ಎಂದು ತಾನೂ ಕೂತ.