ಇಪ್ಪತ್ತಾರನೇ ಕಿಲೋಮೀಟರಿನಲ್ಲಿ ಆಡಿದ ಮಾತು

ನಮ್ಮ ಓಟದ ಗುಂಪಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದೆವು. ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ ಒಂದೇ ಕಿಟಕಿಯ ಉದ್ದನೆಯ ಕೋಣೆ. ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ಅಚ್ಚು ಬೇಯಿಸುವುದು, ಕೊನೆಗೆ ತಿರುಗುವ ಬ್ರಷ್ಷಿಗೆ ಒಡ್ಡಿ ಹೊಳಪು ಕೊಡುವುದು. ಇಪ್ಪತ್ತು ವರ್ಷ ಹೀಗೆ ಬೆನ್ನು ಬಗ್ಗಿಸಿ ಕೂತವಳಿಗೆ ನಲವತ್ತೊಂದನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಹಾಸಿಗೆಯಿಂದ ಏಳಲಾಗಲಿಲ್ಲ. ಡಾಕ್ಟರು, “ದಿನಾ ಸ್ವಲ್ಪ ನಡೀರಿ” ಎಂದರು.

ಸ್ವಲ್ಪ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳಿಗೆ ಓಡತೊಡಗಿದಳು. ನಾಲ್ಕು ವರ್ಷದಲ್ಲಿ ಎರಡು ಮ್ಯಾರಥಾನ್ ಮುಗಿಸಿದಳು. ಅಂದರೆ ನಲವತ್ತೆರಡು ಕಿಲೋಮೀಟರಿನ ಓಟ, ಎರಡು ಸಲ. ನಡುವೆ ಒಮ್ಮೆ ಹಿಮ್ಮಡಿ ನೋವು ಬಂದಿತ್ತು. ಕುಂಟುತ್ತಲೇ ಓಡಿದಳು, ಎರಡು ತಿಂಗಳಿಗೆ ಅದು ತಾನಾಗಿ ಹೋಯಿತು. ಹೋದದ್ದು ಅವಳ ಅದೃಷ್ಟ. ಅವಳು ಮಾತ್ರ ಅದನ್ನು ತನ್ನ ಛಲದ ಲೆಕ್ಕಕ್ಕೆ ಹಾಕಿಕೊಂಡಳು. ಗುಂಪಿಗೆ ಹೊಸಬರು ಬಂದು ಮೊಣಕಾಲು, ಮೀನಖಂಡ ಎಂದು ಗೊಣಗಿದರೆ, “ಕಾಲಿಗೇನು, ಬಾಯಿ ಇಲ್ದೆ ಇದ್ರೂ ಸುಳ್ಳು ಹೇಳುತ್ತೆ. ನಡೀರಿ ನಡೀರಿ” ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ನಾನು ಅಂಚೆ ಕಚೇರಿಯಿಂದ ನಿವೃತ್ತನಾದವನು, ಅವಳಿಗಿಂತ ಹದಿನೈದು ವರ್ಷ ದೊಡ್ಡವನು, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ. ಓಡುವುದಕ್ಕಿಂತ ಸೈಕಲ್ಲಿನಲ್ಲಿ ನೀರಿನ ಬಾಟಲಿ ಹೊತ್ತು ಹಿಂದೆ ಬರುವುದೇ ನನಗೆ ಹೆಚ್ಚು ಒಗ್ಗುತ್ತಿತ್ತು. ಹಾಗಾಗಿ ನಡೆದದ್ದನ್ನು ಹತ್ತಿರದಿಂದ ಕಂಡೆ.

ಹಲ್ಲಕ್ಕನಿಗೆ ಒಬ್ಬನೇ ತಮ್ಮ, ಆರು ವರ್ಷ ಚಿಕ್ಕವನು. ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ತಾಯಿ ಬೇಗ ತೀರಿಹೋಗಿ, ಅವನ ಶಾಲೆ, ಜ್ವರ, ಹರಿದ ಚಪ್ಪಲಿ ಎಲ್ಲವನ್ನೂ ಇವಳೇ ನೋಡಿಕೊಂಡವಳು. ಮೂವತ್ತೊಂಬತ್ತಕ್ಕೆ ಅವನಿಗೆ ಹೊಟ್ಟೆ ಬಂದಿತ್ತು, ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಇವಳು ಒಂದು ಜೊತೆ ಶೂ ತಂದು ಅವನ ಬಾಗಿಲಲ್ಲಿಟ್ಟು, “ನಾಳೆ ಐದೂವರೆಗೆ” ಎಂದಷ್ಟೇ ಹೇಳಿ ಹೋದಳಂತೆ.

ಮೊದಲ ದಿನ ಅವನು ಇನ್ನೂರು ಮೀಟರ್ ಓಡಿ ಕಾಲುವೆಯ ಕಟ್ಟೆ ಹಿಡಿದು ನಿಂತ. “ಅಂಕಲ್, ನನ್ನ ಉಸಿರು ಅಲ್ಲೇ ಹಿಂದೆ ಬಿದ್ದಿದೆ, ಸೈಕಲ್ಲಲ್ಲಿ ಹಾಕ್ಕೊಂಡು ಬನ್ನಿ” ಎಂದ. ಅವನ ಮಾತೇ ಹಾಗೆ. ಆದರೆ ಬಿಡಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಇಪ್ಪತ್ತೊಂದು ಕಿಲೋಮೀಟರ್ ಓಡಿದ. ಹೊಟ್ಟೆ ಕರಗಿತು, ಸಕ್ಕರೆ ಇಳಿಯಿತು. ಓಡುವಾಗ ಅಕ್ಕನಿಗಿಂತ ಅರ್ಧ ಹೆಜ್ಜೆ ಹಿಂದೆಯೇ ಇರುತ್ತಿದ್ದ. ಮುಂದೆ ಹೋಗುವ ಶಕ್ತಿ ಇದ್ದ ದಿನವೂ ಹೋಗುತ್ತಿರಲಿಲ್ಲ.

ಆಮೇಲೆ ಅವಳಿಗೆ ಒಂದು ಆಸೆ ಹುಟ್ಟಿತು: ಮುಂದಿನ ಮ್ಯಾರಥಾನ್ ಇಬ್ಬರೂ ಜೊತೆಯಲ್ಲೇ ಮುಗಿಸಬೇಕು. ಹದಿನೆಂಟು ವಾರದ ಪಟ್ಟಿಯೊಂದನ್ನು ಬರೆದು ಅವನ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಯಾವ ದಿನ ಎಷ್ಟು ಓಟ, ಯಾವ ದಿನ ದಿಬ್ಬ ಎಲ್ಲ ಅದರಲ್ಲಿತ್ತು. ವಿಶ್ರಾಂತಿಯ ದಿನ ವಾರಕ್ಕೆ ಒಂದೇ. ಆ ದಿನವೂ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಏಣಿ ಹತ್ತಿ ಇಳಿಯುತ್ತಾನೆ ಎನ್ನುವುದು ಪಟ್ಟಿ ಬರೆದವಳಿಗೆ ಹೊಳೆಯಲಿಲ್ಲ. ಅವಳದು ಕೂತು ಮಾಡುವ ಕೆಲಸವಲ್ಲವೇ.

ಹತ್ತನೆಯ ವಾರದಲ್ಲಿ ಅವನು ಮೊದಲ ಸಲ ಹೇಳಿದ. “ಅಕ್ಕ, ತೊಡೆಸಂದೀಲಿ ಏನೋ ಚುಚ್ಚಿದ ಹಾಗಾಗುತ್ತೆ.”

“ಓಡೋರಿಗೆಲ್ಲ ಆಗುತ್ತೆ. ಎಣ್ಣೆ ಹಚ್ಚಿ ತಿಕ್ಕು.”

ಮೂರು ದಿನ ಓಡದೆ ಇದ್ದ, ಕಡಿಮೆಯಾಯಿತು. ಮತ್ತೆ ಓಡಿದ, ಮತ್ತೆ ಬಂತು. ಆಮೇಲೆ ಅವನು ಹೇಳುವುದನ್ನೇ ನಿಲ್ಲಿಸಿದ. ಓಟ ಮುಗಿದ ಮೇಲೆ ಎಲ್ಲರೂ ನೆಲದ ಮೇಲೆ ಕೂತರೆ ಇವನು ಮಾತ್ರ ಗೋಡೆಗೆ ಒರಗಿ ನಿಂತಿರುತ್ತಿದ್ದ. ಕೂತರೆ ಏಳುವುದು ಕಷ್ಟವಾಗುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ನಾನೇ ಅವನ ಬೆನ್ನು ತಟ್ಟಿ, “ನೋಡ್ರಪ್ಪ, ಇನ್ನೂ ಕೂರೋ ಮನಸ್ಸಿಲ್ಲ ಇವನಿಗೆ” ಎಂದಿದ್ದೆ.

ಹದಿಮೂರನೆಯ ವಾರ ತಮ್ಮನ ಹೆಂಡತಿ ಹಲ್ಲಕ್ಕನ ಕೆಲಸದ ಕೋಣೆಗೇ ಬಂದಳು. ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು. ಮಧ್ಯಾಹ್ನದ ಬಿಡುವಿನಲ್ಲಿ ಓಡೋಡಿ ಬಂದಿದ್ದಳು.

“ಅಕ್ಕ, ಅವರು ಏಣೀನ ಒಂದೇ ಕಾಲಲ್ಲಿ ಹತ್ತುತ್ತಾ ಇದಾರೆ. ಬಲಗಾಲು ಎತ್ತಿಡ್ತಾರೆ, ಎಡಗಾಲನ್ನ ಕೈಯಲ್ಲಿ ಎಳ್ಕೊಂಡು ಅದೇ ಮೆಟ್ಟಿಲಿಗೆ ಇಡ್ತಾರೆ. ಜೊತೆ ಕೆಲಸದವರು ಫೋನ್ ಮಾಡಿ ಹೇಳಿದ್ರು. ನಾನು ಹೇಳಿದ್ರೆ ಕೇಳಲ್ಲ. ನೀವು ಒಂದು ಮಾತು ಹೇಳಿ, ಸಾಕು.”

ಹಲ್ಲಕ್ಕನ ಕೈಯಲ್ಲಿ ಒಂದು ಮೇಲ್ದವಡೆಯ ಸೆಟ್ಟಿತ್ತು. ಬ್ರಷ್ಷು ತಿರುಗುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಲಿಲ್ಲ.

“ಇನ್ನು ಐದು ವಾರ ಅಷ್ಟೆ. ಅವನಿಗೆ ಶುರು ಮಾಡೋದು ಗೊತ್ತು, ಮುಗಿಸೋದು ಗೊತ್ತಿಲ್ಲ. ಇದೊಂದನ್ನಾದ್ರೂ ಮುಗಿಸಲಿ. ಆಮೇಲೆ ಒಂದು ತಿಂಗಳು ಮಲಗ್ಲಿ ಬೇಕಾದ್ರೆ.”

ತಮ್ಮನ ಹೆಂಡತಿ ಶಾಲೆಗೆ ವಾಪಸು ಹೋದಳು. ಇದನ್ನು ನನಗೆ ಹೇಳುವಾಗ ಹಲ್ಲಕ್ಕ ಒಂದೇ ವಾಕ್ಯವನ್ನು ಮೂರು ಸಲ ಹೇಳಿದಳು: “ನಾನು ಸ್ವಿಚ್ಚು ಕೂಡ ಆರಿಸಲಿಲ್ಲ, ಅಂಚೆಯಣ್ಣ.”

ಓಟಕ್ಕೆ ಮೂರು ವಾರ ಇರುವಾಗ ಮೂವತ್ತೆರಡು ಕಿಲೋಮೀಟರಿನ ಅಭ್ಯಾಸ. ಬೆಳಗ್ಗೆಯ ತಂಪಿನಲ್ಲೇ ಹೊರಟೆವು. ಗೋದಾಮುಗಳ ಸಾಲು, ರೈಲ್ವೆ ಕೆಳಸೇತುವೆ, ಆಮೇಲೆ ಕಾಲುವೆಯ ಉದ್ದಕ್ಕೂ ನೇರ ರಸ್ತೆ. ಇಪ್ಪತ್ತರವರೆಗೆ ಅವನು ಹೇಗೋ ಬಂದ. ಜೋಕು ಹೇಳಲಿಲ್ಲ, ಅಷ್ಟೆ. ಇಪ್ಪತ್ತಾರರಲ್ಲಿ ನಿಂತುಬಿಟ್ಟ. ಎಡತೊಡೆಯ ಮೇಲೆ ಎರಡೂ ಕೈ ಊರಿ ಬಗ್ಗಿದ. ನಾನು ಸೈಕಲ್ಲಿಳಿದು ನೀರು ಕೊಟ್ಟೆ. ಅವನ ಮುಖದ ಬೆವರು ಓಟದ ಬೆವರಿನ ಹಾಗಿರಲಿಲ್ಲ.

“ಅಕ್ಕ, ಇವತ್ತಿಗೆ ಸಾಕು. ಆಗ್ತಾ ಇಲ್ಲ.”

ಮುಂದೆ ಹೋಗಿದ್ದವಳು ತಿರುಗಿ ಬಂದಳು. ಅವಳೂ ದಣಿದಿದ್ದಳು, ದಣಿದಾಗ ಬಾಯಿಗೆ ಬರುವ ಮಾತು ತೂಕ ನೋಡಿ ಬರುವುದಿಲ್ಲ.

“ಇನ್ನು ಆರು ಕಿಲೋಮೀಟರ್. ಚಿಕ್ಕಂದಿನಿಂದ ನೀನು ಹೀಗೇ ಕಣೋ. ಶಾಲೆ ಅರ್ಧಕ್ಕೆ ಬಿಟ್ಟೆ, ವಿದ್ಯುತ್ ಕೆಲಸ ಕಲಿಯೋಕೆ ಹಾಕಿದ್ರೆ ಅದನ್ನೂ ಅರ್ಧಕ್ಕೆ ಬಿಟ್ಟೆ. ಅಮ್ಮ ಇದ್ದಿದ್ರೆ ಇದನ್ನೂ ನೋಡಬೇಕಿತ್ತಲ್ಲ.”

ಅವನು ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ನನಗೆ ಕೊಟ್ಟು, ಮತ್ತೆ ಓಡತೊಡಗಿದ. ನಾನೂ ಅಲ್ಲೇ ಇದ್ದೆ. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅಕ್ಕ ತಮ್ಮಂದಿರ ನಡುವೆ ನನಗೇನು ಕೆಲಸ ಎಂದುಕೊಂಡೆ.

ಮೂರು ಕಿಲೋಮೀಟರ್ ಆದ ಮೇಲೆ ಪಾದಚಾರಿ ದಾರಿಯಿಂದ ರಸ್ತೆಗೆ ಇಳಿಯಬೇಕಿತ್ತು. ಒಂದು ಗೇಣು ಎತ್ತರ. ಎಡಗಾಲು ಊರಿದವನು ಒಣಕಟ್ಟಿಗೆ ಮುರಿದ ಹಾಗೆ ಸದ್ದಾಗಿ ಬಿದ್ದ. ಆ ಸದ್ದು ಸೈಕಲ್ಲಿನ ಮೇಲಿದ್ದ ನನಗೂ ಕೇಳಿಸಿತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕತ್ತಿನಲ್ಲಿ ಮುರಿದು ಜರುಗಿತ್ತು. “ನೋವು ಯಾವಾಗಿಂದ?” ಎಂದು ಕೇಳಿದರು.

“ಐದು ವಾರದಿಂದ” ಎಂದಳು ತಮ್ಮನ ಹೆಂಡತಿ.

“ಆಗ ಕೂದಲೆಳೆಯಷ್ಟು ಬಿರುಕು ಇದ್ದಿರಬೇಕು. ಅವತ್ತೇ ಬಂದಿದ್ರೆ ಎರಡು ತಿಂಗಳು ಊರುಗೋಲು, ಅಷ್ಟರಲ್ಲಿ ಮುಗೀತಿತ್ತು.” ಅವರು ಯಾರನ್ನೂ ಬೈಯಲಿಲ್ಲ. ಹಲ್ಲಕ್ಕ ಗೋಡೆ ನೋಡುತ್ತ ನಿಂತಿದ್ದಳು.

ಶಸ್ತ್ರಚಿಕಿತ್ಸೆ ಮಾಡಿ ಮೂರು ಸ್ಕ್ರೂ ಹಾಕಿದರು. ಮೂಳೆ ಕೂಡಿತು, ಆದರೆ ತುದಿಗೆ ರಕ್ತ ಸರಿಯಾಗಿ ಹರಿಯದೆ ಸ್ವಲ್ಪ ಸವೆಯಿತು. ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಏಣಿ ಹತ್ತುವ ಹಾಗಿಲ್ಲ ಎಂದರು.

ಇಷ್ಟರ ನಡುವೆ ಮ್ಯಾರಥಾನ್ ಬಂತು. ಹೋಗುವುದಿಲ್ಲ ಎಂದು ಕೂತಿದ್ದವಳನ್ನು ತಮ್ಮನೇ ಒತ್ತಾಯ ಮಾಡಿ ಕಳಿಸಿದ: “ನನ್ನ ಪಾಲಿಂದೂ ನೀನೇ ಓಡ್ಬಿಡು, ನಾನು ಮಂಚದ ಮೇಲಿಂದಲೇ ಬೆವರ್ತೀನಿ.” ಅವಳು ಓಡಿದಳು. ಅದುವರೆಗಿನ ಅವಳ ಎಲ್ಲ ಓಟಕ್ಕಿಂತ ಹನ್ನೊಂದು ನಿಮಿಷ ಬೇಗ ಮುಗಿಸಿದಳು. ಪದಕ ಹಿಡಿದು ನೇರ ಅವನ ಮನೆಗೆ ಹೋದಳು. ಅವನು ಮಲಗಿದ್ದಲ್ಲೇ ಚಪ್ಪಾಳೆ ತಟ್ಟಿದ. ಅವನ ಹೆಂಡತಿ ಒಂದು ಲೋಟ ನೀರು ಕೊಟ್ಟು ಒಳಗೆ ಹೋದಳು. ತಾನು ಇಡೀ ದಾರಿ ಚೆನ್ನಾಗಿ ಓಡುತ್ತಿದ್ದೇನೆ ಎಂಬ ಖುಷಿಯಲ್ಲೇ ಇದ್ದೆನೆಂದೂ, ತಮ್ಮನ ನೆನಪು ಬಂದದ್ದು ಒಂದೆರಡು ಸಲ ಮಾತ್ರವೆಂದೂ ಅವಳು ನನ್ನೆದುರು ಒಪ್ಪಿಕೊಂಡಳು. ಹಾಗೆ ಹೇಳುವಾಗ ಅವಳಿಗೆ ನನ್ನ ಮುಖ ನೋಡಲು ಆಗಲಿಲ್ಲ.

ತಪ್ಪನ್ನು ಸರಿಮಾಡಲು ಹೋಗಿಯೂ ಅವಳು ಅದೇ ದಾರಿ ಹಿಡಿದಳು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮಗಳನ್ನೆಲ್ಲ ಹೊಸ ಪಟ್ಟಿ ಮಾಡಿ, ಹತ್ತು ಸಲ ಎಂದಿದ್ದನ್ನು ಹದಿನೈದು ಮಾಡಿ, ಹಳೆಯ ಪಟ್ಟಿ ಇದ್ದ ಜಾಗಕ್ಕೇ ಅಂಟಿಸಿದಳು. ದಿನಾ ಸಂಜೆ ಬಂದು ಎದುರಿಗೆ ಕೂತು ಎಣಿಸತೊಡಗಿದಳು. “ಇನ್ನೂ ಮೂರು. ಕಾಲು ಪೂರ್ತಿ ಎತ್ತು.” ನಾಲ್ಕನೆಯ ಸಂಜೆ ತಮ್ಮನ ಹೆಂಡತಿ ಅಡುಗೆಮನೆಗೆ ಹೋಗಿ, ಪಟ್ಟಿಯ ನಾಲ್ಕೂ ಮೂಲೆಗಳನ್ನು ಉಗುರಿನಿಂದ ಎಬ್ಬಿಸಿ, ಹರಿಯದ ಹಾಗೆ ತೆಗೆದು ಮಡಚಿ ಅವಳ ಕೈಗಿಟ್ಟಳು.

“ಈ ಸಲ ಬೇಡ ಅಕ್ಕ.”

ಹಲ್ಲಕ್ಕ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದಳು. ಒಂದು ತಿಂಗಳು ಆ ಕಡೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ.

ವರ್ಷ ಕಳೆದ ಮೇಲೆ ಅವನು ಬಣ್ಣದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಜನ ಗೋಡೆಯ ಒಂದು ಚಕ್ಕೆ ತಂದರೆ ಅದೇ ಬಣ್ಣವನ್ನು ಕಲಸಿ ಕೊಡುವ ಕೆಲಸ. ಕಣ್ಣು ಒಳ್ಳೆಯದು, ಕೈ ಹದವಾದದ್ದು. ಅಂಗಡಿಯವರಿಗೆ ಅವನೆಂದರೆ ಇಷ್ಟ. ಆದರೂ ಹೊರಗೆ ಯಾರಾದರೂ ಎರಡನೇ ಮಹಡಿಯ ಗೋಡೆಗೆ ರೋಲರ್ ಎಳೆಯುತ್ತಿದ್ದರೆ ನಿಂತು ನೋಡುತ್ತಾನೆ. ಅದನ್ನು ನಾನೇ ಕಂಡಿದ್ದೇನೆ.

ಒಂದು ಭಾನುವಾರ ಅವಳು ಆ ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಡಬ್ಬಿಗಳ ನಡುವೆ ಎರಡು ಸ್ಟೂಲಿನ ಮೇಲೆ ಅಕ್ಕ ತಮ್ಮ ಕೂತರು. ಒಂದೂವರೆ ವರ್ಷ ಕೇಳಲಾಗದ್ದನ್ನು ಅವಳು ಕೇಳಿದಳು. “ಅವತ್ತು ಯಾಕೋ ಮತ್ತೆ ಓಡ್ದೆ? ನನಗೆ ಬೈದು ಅಲ್ಲೇ ಕೂತಿರಬಾರದಿತ್ತಾ?”

ಅವನು ಬಣ್ಣ ಕಲಸುವ ಕೋಲನ್ನು ಒರೆಸುತ್ತಿದ್ದ. “ನನಗೇ ಓಡಬೇಕು ಅನ್ನಿಸ್ತು ಅಂದ್ರೆ ನಿನಗೆ ಸಮಾಧಾನ ಆಗುತ್ತೆ. ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಆದ್ರೆ ಅದು ಸುಳ್ಳಕ್ಕ. ನೀನು ಹೇಳಿದೆ ಅಂತಲೇ ಓಡಿದೆ. ಬೇರೆ ಯಾರು ಹೇಳಿದ್ರೂ ಅಲ್ಲೇ ಕೂತ್ಬಿಡ್ತಿದ್ದೆ.”

“ಕೋಪ ಇದೆಯಾ?”

“ಚಳಿಗೆ ಸೊಂಟ ಹಿಡ್ಕೊಂಡಾಗ ಇರುತ್ತೆ. ಬಿಸಿಲು ಬಂದ್ರೆ ಹೋಗುತ್ತೆ.” ಕೋಲನ್ನು ಡಬ್ಬಿಯ ಮೇಲಿಟ್ಟು, “ಊಟಕ್ಕೆ ಬಾ ಮನೆಗೆ. ಅವಳೂ ಕೇಳ್ತಾ ಇದ್ಲು” ಎಂದ.

ಅವಳು ಈಗಲೂ ಓಡುತ್ತಾಳೆ. ವಾರಕ್ಕೆ ಮೂರು ದಿನ, ಐದು ಕಿಲೋಮೀಟರ್ ಮೀರದೆ, ಬಹಳ ಸಲ ಒಬ್ಬಳೇ. ಓಡದಿದ್ದರೆ ಬೆನ್ನು ಕೇಳುವುದಿಲ್ಲ. ಗುಂಪಿನವರು ದೊಡ್ಡ ಓಟಕ್ಕೆ ಕರೆದರೆ ಬೇಡವೆಂದು ತಲೆಯಾಡಿಸುತ್ತಾಳೆ. ಕಳೆದ ತಿಂಗಳು ಹೊಸದಾಗಿ ಸೇರಿದ ಗ್ರಂಥಾಲಯದ ಹುಡುಗಿಯೊಬ್ಬಳು ಎರಡು ಕಿಲೋಮೀಟರ್ ದೂರದಲ್ಲಿ ನನ್ನ ಹತ್ತಿರ, ಮುಂಗಾಲಿನ ಮೂಳೆ ನೋಯುತ್ತದೆ, ಆದರೂ ಪರವಾಗಿಲ್ಲ, ಓಡುತ್ತೇನೆ ಎಂದಳು. ಎದುರಿನಿಂದ ಓಡಿ ಬರುತ್ತ ಅದನ್ನು ಕೇಳಿಸಿಕೊಂಡ ಹಲ್ಲಕ್ಕ ನಿಂತು, ಅವಳ ರಟ್ಟೆ ಹಿಡಿದು, “ಬೇಡಮ್ಮ” ಎಂದಳು. ಹುಡುಗಿ ನಕ್ಕು ಕೈ ಬಿಡಿಸಿಕೊಳ್ಳಲು ನೋಡಿದಳು. ಹಲ್ಲಕ್ಕ ಬಿಡಲಿಲ್ಲ. ಅವಳ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಹುಡುಗಿಗೆ ಕೋಪ ಬಂತು. ಕೊನೆಗೆ ಇಬ್ಬರೂ ನಡೆದುಕೊಂಡೇ ವಾಪಸಾದರು, ಸುಮಾರು ಅರ್ಧ ಗಂಟೆ. ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ ಬಂದೆ. ಮರುದಿನದಿಂದ ಆ ಹುಡುಗಿ ನಮ್ಮ ಗುಂಪಿಗೆ ಬರಲಿಲ್ಲ. ಇನ್ನೊಂದು ಗುಂಪು ಸೇರಿಕೊಂಡಳು ಎಂದು ಕೇಳಿದೆ. ಹಲ್ಲಕ್ಕನಿಗೆ ಹೇಳಿದಾಗ, “ಅಲ್ಲಿ ಅವಳನ್ನ ನೋಡ್ಕೊಳ್ಳೋರು ಇದಾರಾ?” ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ.