ಅವ್ವನ ಸಾಗವಾನಿ ನೆಲ

ಸ್ನೇಹಿತರೇ, ರಾಮದುರ್ಗದ ನಮ್ಮ ಮನೆಯ ಮಹಡಿಯ ಹಲಗೆ ನೆಲ ಇವತ್ತು ಮೊದಲ ಸಲ ಮುಖ ತೋರಿಸಿತು. ಇಷ್ಟು ವರ್ಷ ಅದರ ಮೇಲೆ ಸಗಣಿ ಸಾರಿಸಿದ ಮಣ್ಣಿನ ಪದರವಿತ್ತು. ಬಡಿಗ ಕಾಳಪ್ಪ ಅದನ್ನು ಕೆರೆದು ತೆಗೆದು, ಪಾಲಿಶ್ ಪೇಪರಿನಿಂದ ಒಂದು ಹಲಗೆ ತಿಕ್ಕಿ, ಬಗ್ಗಿ ಮೂಸಿದ.

"ಅವ್ವಾರ, ಇದು ಸಾಗವಾನಿ ಅಲ್ಲರಿ. ಬೇವು."

ಅವ್ವ ಕೆಂಡವಾದಳು. "ಏನ್ ಮಾತಾಡ್ತಿ ಕಾಳಪ್ಪಾ! ಸಾಗವಾನಿ ನೆಲದ ಮನಿ ಅಂತನ ನಮ್ಮಪ್ಪ ನನ್ನ ಇಲ್ಲಿಗೆ ಕೊಟ್ಟಾನ."

"ನೀವ ಮೂಸಿ ನೋಡ್ರಿ."

ಅವ್ವ ಒಂದು ಚಿಟಿಕೆ ಪುಡಿ ಮೂಸಿದಳು. ಕಿಟಕಿಯ ಬಿಸಿಲಿನಲ್ಲಿ ಕೆಂಪು ಪುಡಿ ಮೆಲ್ಲಗೆ ತೇಲುತ್ತಿತ್ತು. ಕೋಣೆಯ ತುಂಬ ಕಹಿ ಕಂಪು. ನಾವು ಮೂವರೂ ಯಾವುದೋ ಮರದ ನೆರಳಿನಲ್ಲಿ ಕುಳಿತ ಹಾಗಿತ್ತು.

"ನಮ್ಮಪ್ಪ ದಿನಾ ಬೇವಿನ ಕಡ್ಡೀಲೆ ಹಲ್ಲು ತಿಕ್ಕತಿದ್ದ," ಎಂದಳು ಅವ್ವ. "ಈಗ ಬಂದು ಬಾಜೂಕ ಕುಂತಂಗಾತು ನೋಡು. ಕಾಳಪ್ಪಾ, ಬಣ್ಣಾ ಬ್ಯಾಡ. ಬರೇ ಎಣ್ಣಿ ಹಚ್ಚು."

ನನ್ನ ಕಣ್ಣು ತೇವವಾಯಿತು. ಅಷ್ಟರಲ್ಲಿ ಕೆಳಗಿಳಿದ ಅವ್ವ ಸುರೇಬಾನದ ಚಿಕ್ಕವ್ವನಿಗೆ ಫೋನ್ ಹಚ್ಚಿದ್ದಳು: "ನಮ್ಮ ಸಾಗವಾನಿ ನೆಲಾ ಹೆಂಗ ಹೊಳ್ಯಾಕ ಹತ್ತೈತಿ, ಬಂದು ನೋಡು!"

ಮೇಲೆ ಬೇವು, ಕೆಳಗೆ ಸಾಗವಾನಿ;
ನಡುವೆ ಮೆಟ್ಟಿಲ ಮೇಲೆ ನಾನೊಬ್ಬ ಮೌನಿ.